ಹರಕತ್ತೋ, ಹರಕೆಯೋ

ನಮ್ಮ ಮನೆಯ ಎದುರಿಗೆ ಒಂದು ಹಳೇ ಗೋದಾಮು ಇದೆ. ಹಿಂದೊಮ್ಮೆ ಅದರಲ್ಲಿ ಬೀಜದ ಚೀಲ ಇಡುತ್ತಿದ್ದರು. ಆಮೇಲೆ ಇಲಿಗಳಿದ್ದವು. ಕೊನೆಗೆ ಇಲಿಗಳೂ ಬೇಸರವಾಗಿ ಬಿಟ್ಟುಹೋದವು. ಅಫಜಲಪುರದ ಈ ನಮ್ಮ ಬಡಾವಣೆಯಲ್ಲಿ ಆ ಗೋದಾಮಿನ ಬಗ್ಗೆ ಒಬ್ಬೊಬ್ಬರದು ಒಂದೊಂದು ಆಸೆ. ಹೆಂಗಸರಿಗೆ ಅಲ್ಲಿ ಗುಡಿ ಆಗಬೇಕಿತ್ತು, ಗಂಡಸರಿಗೆ ವಾಚನಾಲಯ. ನನಗೆ ಐಸ್‌ಕ್ರೀಮ್ ಅಂಗಡಿ. ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಪುರಸಭೆಯವರು ಬಂದು ಅದರ ಗೇಟಿಗೆ ಒಂದು ಕಾಗದ ಅಂಟಿಸಿ ಹೋದರು.

ಅಷ್ಟು ದೂರದ ಅಕ್ಷರ ನನ್ನ ಕಣ್ಣಿಗೆ ಹತ್ತುವುದಿಲ್ಲ. ಫೋನಿನಲ್ಲಿ ಫೋಟೊ ಹೊಡೆದು, ಎರಡು ಬೆರಳಿನಿಂದ ಜಗ್ಗಿ ದೊಡ್ಡದು ಮಾಡಿ ಓದಿದೆ. ಊರಿನಲ್ಲಿ ಮನೆಯಿಲ್ಲದೆ ಬಯಲಲ್ಲಿ ಮಲಗುವವರಿಗೆ ಈ ಕಟ್ಟಡದಲ್ಲಿ ಆಶ್ರಯ ಕೇಂದ್ರ ಮಾಡುತ್ತಾರಂತೆ. ಇದು ಜನ ವಾಸ ಮಾಡುವ ಬಡಾವಣೆಯಾದ್ದರಿಂದ ಅದಕ್ಕೆ ಅನುಮತಿ ಬೇಕಂತೆ. ಯಾರಿಗಾದರೂ ಆಕ್ಷೇಪಣೆ ಇದ್ದರೆ ಹದಿನೈದು ದಿನದೊಳಗೆ ಬರೆದು ಕೊಡಬೇಕಂತೆ.

ಓದಿ ಮುಗಿಸಿದಾಗ ನನ್ನ ಅಂಗೈ ಬೆವೆತಿತ್ತು. ಫೋನಿನ ಗಾಜು ಒದ್ದೆಯಾಗಿ ಅಕ್ಷರಗಳು ತಾವೇ ಚಿಕ್ಕದು ದೊಡ್ಡದು ಆಗತೊಡಗಿದವು.

ಸಂಜೆ ಬಡಾವಣೆಯವರೆಲ್ಲ ಮಾಸ್ತರರ ಕಟ್ಟೆಗೆ ಸೇರಿದರು. ಮಾಸ್ತರರು ನಮ್ಮ ಬಲಗಡೆ ಮನೆಯವರು, ನಿವೃತ್ತ ಹೆಡ್ ಮಾಸ್ತರರು. ಎಡಗಡೆಯ ಮನೆ ಬಳೆ ಅಂಗಡಿಯಾಕೆಯದು. ಅವಳ ಮಾತಿಗಿಂತ ಮೊದಲು ಅವಳ ಬಳೆ ಮಾತಾಡುತ್ತವೆ.

"ಗಾಣಗಾಪುರದ ದತ್ತನ ಗುಡಿಗೆ ತಲಿ ಸರಿ ಇಲ್ಲದವ್ರನ್ನ ಕರಕೊಂಡು ಬರ್ತಾರಲ್ರಿ, ಅದ್ರಾಗ ಕೆಲವ್ರನ್ನ ಅಲ್ಲೇ ಬಿಟ್ಟು ಹೋಗ್ತಾರ" ಎಂದಳು ಅವಳು. "ಅವ್ರೆಲ್ಲ ಇಲ್ಲೇ ಬಂದು ಕುಂದ್ರತಾರ ನೋಡ್ರಿ. ನಾ ಹೆಂಗ ಮಕ್ಕಳ್ನ ಅಂಗಳಕ್ಕ ಬಿಡ್ಲಿ?"

"ನಮ್ಮ ಪ್ಲಾಟ್ ಯಾರ್ ತಗೋತಾರ ಆಮ್ಯಾಲ?" ಎಂದ ಇನ್ನೊಬ್ಬ.

"ನಾ ಮಾತ್ರ ಇವತ್ತಿಂದನೇ ಹಗಲೂ ಕೀಲಿ ಹಾಕ್ತೇನಿ" ಎಂದಳು ಬಳೆಯಾಕೆ.

ಖರೆಯಾಗಿ ಹಾಕಿದಳು. ಮರುದಿನದಿಂದ ನಮ್ಮ ಓಣಿಯಲ್ಲಿ ಹಟ್ಟಹಗಲಲ್ಲೇ ಗೇಟುಗಳಿಗೆ ಕೀಲಿ ಬಿದ್ದವು. ಇನ್ನೂ ಯಾರೂ ಬಂದಿರಲಿಲ್ಲ. ಗೋದಾಮಿನ ಬಾಗಿಲು ಕೂಡ ತೆರೆದಿರಲಿಲ್ಲ. ಹಾಲಿನವಳು ಗೇಟು ಬಡಿದರೆ ಒಳಗಿನಿಂದ "ಯಾರ್ರೀ?" ಎಂದು ಕೇಳಿ, ಅವಳು ತನ್ನ ಹೆಸರು ಹೇಳಿ, ಕಿಟಕಿಯಿಂದ ನೋಡಿ, ಆಮೇಲೆ ಪಾತ್ರೆ ಹೊರಗೆ ಬರುತ್ತಿತ್ತು. ನಾನು ಒಂದು ದಿನ ಬಳೆಯಾಕೆಯ ಗೇಟಿಗೆ ನಿಂತು ಗಂಡಸಿನ ದನಿ ತೆಗೆದು "ಜಾಗಾ ಅದ ಏನ್ರೀ ಒಳಗ?" ಎಂದೆ. ಒಳಗೆ ಏನೋ ಬಿದ್ದು ಒಡೆದ ಸಪ್ಪಳ. ಅವಳು ನನ್ನನ್ನು ಬೈದ ಬೈಗುಳ ಇಲ್ಲಿ ಟೈಪ್ ಮಾಡಲು ನನ್ನ ಸೊಸೆ ಬಿಡುವುದಿಲ್ಲ.

ನಾನು ಮೊದಲಿನಿಂದಲೂ ಹೀಗೇ. ಮದುವೆಯಾಗಿ ಬಂದ ವಾರದಲ್ಲೇ ಮಾವನ ಚಪ್ಪಲಿಯ ಎಡಬಲ ಬದಲಿಸಿ ಇಟ್ಟವಳು. ಚಹಾಕ್ಕೆ ಉಪ್ಪು ಹಾಕುವುದು, ಮಗನ ಅಂಗಿಯ ಗುಂಡಿಗಳನ್ನು ಒಂದು ಕಾಜಿನಷ್ಟು ಮೇಲೆ ಹೊಲಿಯುವುದು, ಇವು ನನ್ನ ಕಸುಬು. ಆದ್ದರಿಂದ ಎರಡು ವರ್ಷದ ಈಚೆಗೆ ನಾನು ಖರೆಯಾಗಿಯೂ ಚಹಾಕ್ಕೆ ಉಪ್ಪು ಹಾಕಿದಾಗ ಯಾರಿಗೂ ಸಂಶಯ ಬರಲಿಲ್ಲ. ಎಲ್ಲರೂ ನಕ್ಕರು. ನಾನೂ ಅವರ ಜೊತೆ ನಕ್ಕೆ, ಅವರಿಗಿಂತ ಜೋರಾಗಿ.

ಒಳಗೊಳಗೆ ನಡುಕ ಹುಟ್ಟಿದ್ದು ಚೌಡಾಪುರದಲ್ಲಿ. ಅದನ್ನು ಇಲ್ಲಿ ಬರೆಯಲೇಬೇಕು.

ಆ ಕಾಗದ ಅಂಟಿಸುವುದಕ್ಕೆ ಆರು ತಿಂಗಳು ಮೊದಲು ನಾನೊಬ್ಬಳೇ ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಹೋಗಿದ್ದೆ. ಸೊಸೆಯ ಹೆರಿಗೆ ಕಾಲಕ್ಕೆ ಹೊತ್ತ ಒಂದು ಹಳೇ ಹರಕೆ ಇತ್ತು, ತೀರಿಸಿ ಬಂದೆ. ತಿರುಗಿ ಬರುವಾಗ ಬಸ್ಸು ಚೌಡಾಪುರದವರೆಗೆ ಮಾತ್ರ ಇತ್ತು. ಅಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಮಟಮಟ ಮಧ್ಯಾಹ್ನ. ಒಂದು ಬಸ್ಸು ಬಂತು, ಬೋರ್ಡು ಓದಿದೆ. ಅಕ್ಷರ ಎಲ್ಲ ಓದಲು ಬಂತು. ಆದರೆ ಅದು ನನ್ನ ಊರೋ ಅಲ್ಲವೋ ತಿಳಿಯಲಿಲ್ಲ.

ತಲೆಯಲ್ಲಿ ಮೂರು ಊರು ಇದ್ದವು. ಜೇವರ್ಗಿ, ಆಳಂದ, ಅಫಜಲಪುರ. ಒಂದರಲ್ಲಿ ಹುಟ್ಟಿದ್ದೇನೆ, ಒಂದಕ್ಕೆ ಮಗಳನ್ನು ಕೊಟ್ಟಿದ್ದೇನೆ, ಒಂದರಲ್ಲಿ ಇರುತ್ತೇನೆ. ಯಾವುದು ಯಾವುದು? ಮೂರೂ ಹೆಸರು ಒಂದೇ ಅಳತೆಯ ಡಬ್ಬಿಗಳ ಹಾಗೆ ಸಾಲಾಗಿ ನಿಂತಿದ್ದವು, ಒಂದರ ಮೇಲೂ ಗುರುತಿರಲಿಲ್ಲ. ಬಸ್ಸು ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಫೋನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಯಾರನ್ನಾದರೂ ಕೇಳೋಣವೆಂದರೆ ಏನೆಂದು ಕೇಳುವುದು? ನನ್ನ ಊರು ಯಾವುದೆಂದು ಪರರನ್ನು ಕೇಳುವುದೇ?

ಬಸ್ ನಿಲ್ದಾಣದ ಮೂಲೆಯಲ್ಲಿ ಒಬ್ಬ ಹೆಂಗಸು ಸಂಸಾರ ಹೂಡಿದ್ದಳು. ಒಂದು ಗಂಟು, ಒಂದು ಅಲ್ಯೂಮಿನಿಯಂ ಪಾತ್ರೆ, ಒಂದು ಹರಕು ಚಾಪೆ. ವಯಸ್ಸು ನನ್ನದಕ್ಕಿಂತ ಕಡಿಮೆಯೇ. ಅವಳು ನನ್ನನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದಳು.

"ಯಾವ ಊರ್ ಬೇ ನಿಂದು?" ಎಂದಳು.

ನಾನು ನಗಲು ನೋಡಿದೆ. "ನೀನೇ ಹೇಳ್ ನೋಡೂನು" ಎಂದೆ.

ಅವಳು ನಗಲಿಲ್ಲ. "ನೆನಪು ಹಾರೇದ?"

"ಮೂರು ಊರು ನೆನಪಿಗೆ ಬರಾಕತ್ತಾವ. ಜೇವರ್ಗಿ, ಆಳಂದ, ಅಫಜಲಪುರ."

"ಮೂರೂ ನಿಂದೇನು? ನನಕಿಂತ ಸಾವಕಾರ್ತಿ ಇದ್ದಿ ನೀ." ಚಾಪೆಯ ಮೇಲೆ ಜಾಗ ಮಾಡಿದಳು. "ಕುಂದ್ರು. ನೀರ್ ಕುಡಿ. ಹೆದರಬ್ಯಾಡ, ಇಲ್ಲಿ ಯಾರೂ ಏನೂ ಅನ್ನಂಗಿಲ್ಲ."

ಆ ಚಾಪೆಯ ಮೇಲೆ ಕುಳಿತೆ. ಹೋಗಿ ಬರುವವರು ನಮ್ಮಿಬ್ಬರನ್ನೂ ಒಂದೇ ನೋಟದಲ್ಲಿ ನೋಡಿ ದಾಟಿದರು. ಒಬ್ಬ ಯಾತ್ರಿಕ ನಮ್ಮ ನಡುವೆ ಎರಡು ಬಾಳೆಹಣ್ಣು ಇಟ್ಟು ಹೋದ. ಅವಳಿಗೊಂದು, ನನಗೊಂದು. ನನ್ನ ಜೀವಮಾನದಲ್ಲಿ ನಾನು ಅಷ್ಟು ಹೆದರಿದ್ದು ಆ ಬಾಳೆಹಣ್ಣಿಗೆ.

ಅವಳು ನನ್ನ ಕೈಯೊಳಗಿನ ಬಟ್ಟೆಯ ಚೀಲ ಎಳೆದು ತಿರುಗಿಸಿ ನೋಡಿದಳು. "ಇದರ ಮ್ಯಾಲ ಏನೋ ಬರದಾರ. ನನಗ ಓದಾಕ ಬರಂಗಿಲ್ಲ" ಎಂದು ಎದ್ದುಹೋಗಿ ಚಹಾದ ಅಂಗಡಿಯವನಿಗೆ ತೋರಿಸಿದಳು. ಅದರ ಮೇಲೆ ಬಟ್ಟೆ ಅಂಗಡಿಯ ಹೆಸರು, ಕೆಳಗೆ ಅಫಜಲಪುರ ಎಂದು ಇತ್ತು. ಮುಂದಿನ ಬಸ್ಸಿಗೆ ನನ್ನನ್ನು ಹತ್ತಿಸಿ ಕಂಡಕ್ಟರನಿಗೆ ಕೂಗಿ ಹೇಳಿದಳು: "ಈ ಆಯಿನ್ನ ಅಫಜಲಪುರದಾಗ ಇಳಸ್ರಿ. ನಡುವ ಇಳದಗಿಳದಾಳು."

"ನಿಂದ್ಯಾವ ಊರ?" ಎಂದು ಕಿಟಕಿಯಿಂದ ಕೇಳಿದೆ.

"ನನ್ನ ಊರು ನನಗ ಗೊತ್ತದ. ಮನ್ಯಾಗಿನವ್ರಿಗೆ ನಾ ಗೊತ್ತಿಲ್ಲ" ಎಂದಳು.

ಬಸ್ಸು ಎರಡು ಊರು ದಾಟುವುದರೊಳಗೆ ಎಲ್ಲ ನೆನಪಾಯಿತು, ಒಮ್ಮೆಲೇ ದೀಪ ಬಂದ ಹಾಗೆ. ಮನೆಗೆ ಬಂದು ಬಸ್ಸು ತಡವಾಯಿತು ಎಂದೆ. ಆ ವಾರವೇ ಸೊಸೆಗೆ ದುಂಬಾಲು ಬಿದ್ದು ಫೋನಿನಲ್ಲಿ ಕನ್ನಡ ಟೈಪು ಮಾಡುವುದು ಕಲಿತೆ. ಅವಳು ಅಂಗನವಾಡಿ ಟೀಚರು, ಸಣ್ಣವರಿಗೆ ಕಲಿಸಿದ ತಾಳ್ಮೆ ಇದೆ. ಜೋಕು ಕಳಿಸಲಿಕ್ಕೆ ಕಲಿಯುತ್ತೇನೆ ಎಂದು ಅವಳಿಗೆ ಹೇಳಿದ್ದೆ. ನಾನು ಮೊದಲು ಟೈಪ್ ಮಾಡಿ ಉಳಿಸಿಕೊಂಡದ್ದು ನಮ್ಮ ಮನೆಯ ವಿಳಾಸ.

ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಒಬ್ಬಳೇ ಹೊರಗೆ ಹೋಗುವುದು ಬಂದ್, ಒಲೆಯ ಹತ್ತಿರ ಹೋಗುವುದು ಬಂದ್. ನನ್ನ ಚೇಷ್ಟೆಗೆ ನಗುವವರು ನಗುವುದನ್ನು ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಹಾಗಾಗಿ ಎದುರಿಗೆ ಆಶ್ರಯ ಕೇಂದ್ರ ಬೇಡವೆಂದು ಬಡಾವಣೆಯವರು ಹೇಳಿದಾಗ ನಾನೂ ಬೇಡವೆಂದೆ. ಬಳೆಯಾಕೆಯದು ಅಲ್ಲಿಂದ ಯಾರು ಬರುತ್ತಾರೋ ಎಂಬ ಭಯ. ನನ್ನದು ಇಲ್ಲಿಂದ ಅಲ್ಲಿಗೆ ಯಾರು ಹೋಗುತ್ತಾರೋ ಎಂಬ ಭಯ. ಬೆಳಗಾದರೆ ಕಿಟಕಿಯಲ್ಲಿ ಆ ಚಾಪೆ ಕಾಣುವುದು ನನಗೆ ಬೇಡವಾಗಿತ್ತು.

ಅರ್ಜಿ ಟೈಪ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮಾಸ್ತರರ ಕೈ ನಡುಗುತ್ತದೆ, ಉಳಿದವರಿಗೆ ಫೋನಿನಲ್ಲಿ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಮಾಸ್ತರರು ಕಟ್ಟೆಯ ಮೇಲೆ ಕುಳಿತು ಹೇಳಿದರು, ನಾನು ಒಂದು ಬೆರಳಿನಿಂದ ಒತ್ತಿದೆ.

"ನಮ್ಮೆಲ್ಲರ ಆಕ್ಷೇಪಣೆ ಇದೆ ಅಂತ ಬರೀರಿ."

ಆಕ್ಷೇಪಣೆಯ 'ಕ್ಷ' ನನ್ನ ಕೈಗೆ ಹತ್ತಲಿಲ್ಲ. 'ಕಶ' ಬಂತು, 'ಕ್ಶ' ಬಂತು, ಒಮ್ಮೆ ಒಂದು ಹೂವಿನ ಚಿತ್ರ ಬಂತು.

"ಹರಕತ್ತು ಅಂತ ಹಾಕ್ತೇನ್ರಿ ಮಾಸ್ತರ್" ಎಂದೆ. ನಮ್ಮ ಕಡೆ ತಕರಾರಿಗೆ ಹರಕತ್ತು ಎಂದೇ ಅನ್ನುವುದು.

"ಸರ್ಕಾರಿ ಕಾಗದದಾಗ ಹಂಗ ಬರಿಯಂಗಿಲ್ರಿ."

"ಯಾಕ? ಚಹಾ ಕುಡೀತೀರೇನ್ರಿ ಅಂದ್ರ, ಏನ್ ಹರಕತ್ತಿಲ್ಲ ತಗೊಂಡ್ ಬರ್ರಿ ಅಂತ ದಿನಾ ನೀವೇ ಅಂತೀರಿ. ಚಹಾಕ್ಕ ನಡೀತದ, ಪುರಸಭೆಗೆ ನಡಿಯಂಗಿಲ್ಲೇನು?"

ಎಲ್ಲರೂ ನಕ್ಕರು. ಮಾಸ್ತರರು ಸೋತರು. ನಾನು ಒತ್ತಿದೆ. ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಕಾಗದ ತೆಗೆಸಿದರು. ಮೊದಲ ಸಹಿ ನನ್ನದು. ಉಳಿದವರು ಗೇಟಿನ ಸಂದಿಯಿಂದ ಕೈ ಹೊರಗೆ ಚಾಚಿ ಸಹಿ ಮಾಡಿದರು. ಕನ್ನಡಕ ಹಾಕಿಕೊಂಡು ಓದಿದವರು ಒಬ್ಬರೂ ಇಲ್ಲ.

ನಾಲ್ಕು ದಿನಕ್ಕೆ ಪುರಸಭೆಯಿಂದ ಮಾಸ್ತರರಿಗೆ ಫೋನು ಬಂತು. ಅಧಿಕಾರಿ ಹೆಣ್ಣುಮಗಳು, ದನಿಯಲ್ಲಿ ಸಂತೋಷ ತುಳುಕುತ್ತಿತ್ತಂತೆ. ಆಶ್ರಯ ಕೇಂದ್ರ ಬೇಕೆಂದು ಓಣಿಗೆ ಓಣಿಯೇ ಬರೆದುಕೊಟ್ಟದ್ದನ್ನು ಇದೇ ಮೊದಲು ನೋಡಿದ್ದು ಎಂದರಂತೆ. ಮಾಸ್ತರರು ಉಟ್ಟ ಲುಂಗಿಯಲ್ಲೇ ಓಡಿಹೋಗಿ ಕಾಗದದ ಪ್ರತಿ ತಂದರು. ಅದರಲ್ಲಿ ಹೀಗಿತ್ತು: ಈ ಜಾಗದಲ್ಲಿ ಮನೆಯಿಲ್ಲದವರಿಗೆ ಆಶ್ರಯ ಕೇಂದ್ರ ಮಾಡುವ ಬಗ್ಗೆ ನಿವಾಸಿಗಳಾದ ನಮ್ಮೆಲ್ಲರ ಹರಕೆ ಇದೆ.

ಹರಕತ್ತು ಹೋಗಿ ಹರಕೆ ಆಗಿತ್ತು.

"ಏನ್ ಚೇಷ್ಟಾರಿ ಇದು! ಇದಕ್ಕೂ ಒಂದು ಮಿತಿ ಇರಬೇಕು" ಎಂದರು ಮಾಸ್ತರರು. ಓಣಿಯೆಲ್ಲ ನನ್ನ ಮೇಲೆ ಬಿತ್ತು. ಆಯಿ ಬೇಕಂತಲೇ ಮಾಡ್ಯಾಳ, ಆಕಿ ಮದುವ್ಯಾಗಿ ಬಂದಾಗಿಂದ ಹಂಗೇ ಎಂದರು. ನಾನು ತಲೆ ತಗ್ಗಿಸಿ, ಸಿಕ್ಕಿಬಿದ್ದ ಕಳ್ಳಿಯ ಹಾಗೆ ಮುಸಿಮುಸಿ ನಕ್ಕೆ. ಚೇಷ್ಟೆ ಎಂದು ಬೈಸಿಕೊಳ್ಳುವುದು ಎಷ್ಟೋ ಮೇಲು.

ಸಿಟ್ಟು ಒಂದು ದಿನ ಇತ್ತು. ಮರುದಿನ ಬಳೆಯಾಕೆ ಬಂದಳು. ಬಳೆ ಸಪ್ಪಳವಿರಲಿಲ್ಲ, ಕೈ ಎದೆಗೆ ಒತ್ತಿಕೊಂಡಿದ್ದಳು.

"ಆಯಿ, ಹರಕೆ ಅಂತ ಬರದದ್ದಕ್ಕ ಸೈ ಮಾಡೇವಲ್ಲ, ತೀರಸಲಿಲ್ಲಂದ್ರ ಹೆಂಗ?"

"ಯಾವ ದೇವ್ರಿಗಂತ ಬರದಿಲ್ಲಲ್ಲ ಬೇ."

"ಅದಕ್ಕೇ ಅಂಜಿಕಿ! ಒಂದ್ ದೇವ್ರಾದ್ರ ಒಬ್ರಿಗೆ ಕೈ ಮುಗದು ಬಿಡಿಸಿಕೊಬಹುದು. ಈಗ ಎಲ್ಲಾರೂ ಕೇಳಾಕ ಬರ್ತಾರ."

ಅವಳ ಮಗನಿಗೆ ಅದೇ ದಿನ ಜ್ವರ ಬಂದಿತ್ತು. ಇನ್ನೊಬ್ಬರ ಬೋರಿನ ಮೋಟರು ಸುಟ್ಟಿತು. ಮತ್ತೊಬ್ಬರ ಮನೆಯಲ್ಲಿ ಹಾಲು ಮೂರು ದಿನ ಸಾಲಾಗಿ ಒಡೆಯಿತು. ಮಾಸ್ತರರು ಬೌದ್ಧರು, ಇಂಥದ್ದನ್ನು ನಂಬುವವರಲ್ಲ. ಆದರೂ ಮುಖ ಸಣ್ಣದು ಮಾಡಿಕೊಂಡಿದ್ದರು.

"ನಿಮಗ್ಯಾಕ್ರಿ ಹೆದರಿಕಿ?" ಎಂದೆ.

"ನನಗ ಹರಕಿ ಹೆದರಿಕಿ ಇಲ್ರಿ. ಸೈ ಹೆದರಿಕಿ ಅದ. ನಲವತ್ತು ವರ್ಷ ಮಕ್ಕಳಿಗೆ ಓದಿ ಸೈ ಮಾಡ್ರಿ ಅಂತ ಹೇಳಿದಾಂವ ನಾ."

ಆ ಸಂಜೆ ಸೊಸೆ ನನ್ನ ಫೋನು ತೆಗೆದುಕೊಂಡು ಪಕ್ಕದಲ್ಲಿ ಕುಳಿತಳು. "ಫೋನ್ ತಾನೇ ಶಬ್ದ ಬದಲಿ ಮಾಡ್ತದ ಒಮ್ಮೊಮ್ಮೆ, ನೋಡೂನು" ಎಂದು ಹರಕತ್ತು ಎಂದು ಒತ್ತಿದಳು. ಹರಕತ್ತು ಎಂದೇ ಉಳಿಯಿತು. ಇನ್ನೊಮ್ಮೆ ಒತ್ತಿದಳು. ಹರಕತ್ತು. ಐದು ಸಲ ಒತ್ತಿದಳು. ಐದು ಸಲವೂ ಹರಕತ್ತು.

"ಫೋನ್ ಬರೋಬ್ಬರಿ ಅದ ಅತ್ತಿ" ಎಂದಳು. "ಅಂದ್ರ ನೀವೇ ಬೇಕಂತ ಮಾಡೀರಿ. ಹೌದಿಲ್ಲೋ?"

ಅವಳು ನನ್ನ ಮುಖವನ್ನು ನೋಡುತ್ತಿದ್ದಳು. ಹೌದು ಎನ್ನಲಿ ಎಂದು ಕಾಯುವ ಹಾಗಿತ್ತು ಆ ನೋಟ.

"ಮತ್ತೇನು, ನಾ ಅಲ್ದ ಇನ್ಯಾರ್ ಮಾಡ್ತಾರ" ಎಂದೆ.

ಖರೆ ಹೇಳುತ್ತೇನೆ, ನನಗೆ ಗೊತ್ತಿರಲಿಲ್ಲ. ಫೋನು ಬದಲಿಸಿತೋ, ಬೆರಳು ಜಾರಿತೋ, ಆ ಹೊತ್ತಿಗೆ ತಲೆಯೊಳಗಿನ ದೀಪ ಮತ್ತೆ ಹೋಗಿತ್ತೋ. ನೆನಪು ಮಾಡಿಕೊಳ್ಳಲು ನೋಡಿದರೆ ಆ ಹೂವಿನ ಚಿತ್ರದವರೆಗೆ ಎಲ್ಲ ಇದೆ, ಜನ ನಕ್ಕದ್ದೂ ಇದೆ. ಆಮೇಲಿನದು ಇಲ್ಲ. ನೇರ ಸಹಿಗೆ ಬಂದುಬಿಡುತ್ತದೆ. ಸೂಜಿಗೆ ದಾರ ಪೋಣಿಸಲು ಕುಳಿತ ಹಾಗೆ ದಿನವಿಡೀ ಆ ಜಾಗವನ್ನೇ ದಿಟ್ಟಿಸಿದೆ. ಸಿಗಲಿಲ್ಲ.

ಹದಿನೈದನೆಯ ದಿನ ಬೆಳಿಗ್ಗೆ ಪುರಸಭೆಗೆ ಎಲ್ಲರನ್ನೂ ಕರೆದರು. ಮಾಸ್ತರರು ನಡುಗುವ ಕೈಯಲ್ಲೇ ಹೊಸ ಅರ್ಜಿ ಬರೆದಿದ್ದರು. 'ಕ್ಷ' ಎಷ್ಟು ದೊಡ್ಡದಾಗಿತ್ತೆಂದರೆ ಬಾಗಿಲಿಂದಲೇ ಕಾಣುತ್ತಿತ್ತು. ಎಲ್ಲರೂ ಓದಿ ಸಹಿ ಮಾಡಿದ್ದರು. ನನ್ನ ಸಹಿ ಒಂದೇ ಬಾಕಿ. ಬಳೆಯಾಕೆ ಸಹಿ ಮಾಡಿ ಕೆನ್ನೆ ಬಡಿದುಕೊಂಡಿದ್ದಳು.

ಅಧಿಕಾರಿ ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದರು. "ಒಂದೇ ಓಣಿಯವ್ರು ಬೇಕು ಅಂತನೂ ಬರದೀರಿ, ಬ್ಯಾಡ ಅಂತನೂ ಬರದೀರಿ. ನಾ ಯಾವದು ತಗೋಬೇಕ್ರಿ?" ನನ್ನ ಕಡೆ ತಿರುಗಿದರು. "ಮೊದಲನೇದು ಟೈಪ್ ಮಾಡಿದವ್ರು ನೀವೇ ಅಂತಲ್ಲ ಆಯಿ. ಹೇಳ್ರಿ. ಹರಕತ್ತೋ, ಹರಕಿಯೋ?"

ಮಾಸ್ತರರು ಪೆನ್ನು ಚಾಚಿದರು. ಅದನ್ನು ಹಿಡಿದು ಒಂದು ಗೆರೆ ಎಳೆದರೆ ಮುಗಿಯಿತು. ಚೇಷ್ಟೆ ಮಾಡಿದೆ, ತಪ್ಪಾಯಿತು ಎಂದರೆ ಎಲ್ಲರೂ ಎರಡು ಬೈದು ನಗುತ್ತಾರೆ. ನನ್ನ ಗುಟ್ಟು ನನ್ನಲ್ಲೇ ಉಳಿಯುತ್ತದೆ. ಗೋದಾಮಿನ ಬಾಗಿಲೂ ಮುಚ್ಚೇ ಉಳಿಯುತ್ತದೆ. ಕೈ ಮುಂದೆ ಮಾಡಿದೆ. ಆಗ ಬಾಳೆಹಣ್ಣು ನೆನಪಾಯಿತು. ಮುಂದಿನ ಸಲ ನಾನು ಯಾವ ಊರಿನ ಬಸ್ ನಿಲ್ದಾಣದಲ್ಲಿ ಕುಳಿತಿರುತ್ತೇನೋ, ಅಲ್ಲಿ ಚಾಪೆ ಹಾಸುವವಳು ಇರುತ್ತಾಳೋ ಇಲ್ಲವೋ. ಆ ಊರಿನ ಓಣಿಯವರೂ ಹೀಗೇ ಕಾಗದ ಬರೆದಿರುತ್ತಾರಲ್ಲ.

"ಬರಿಯಾಕ ಕುಂತಾಗ ಹರಕತ್ತು ಇತ್ರಿ" ಎಂದೆ. "ಹರಕಿ ಹೆಂಗ ಆತು ನನಗ ಗೊತ್ತಿಲ್ಲ. ಚೇಷ್ಟಾ ಅಲ್ಲರಿ. ನನ್ನ ತಲಿ ಒಮ್ಮೊಮ್ಮೆ ನಿಂತಬಿಡ್ತದ."

ಯಾರೋ ನಕ್ಕರು, ಇದೂ ಚೇಷ್ಟೆಯೆಂದು. ಸೊಸೆ ನಗಲಿಲ್ಲ.

ಚೌಡಾಪುರದ್ದನ್ನು ಹೇಳಿದೆ. ಮೂರು ಊರು, ಚಾಪೆ, ಎರಡು ಬಾಳೆಹಣ್ಣು. ಹೇಳುವಾಗ ಸೊಸೆಯ ಕಡೆ ನೋಡಲಿಲ್ಲ, ನೋಡಿದ್ದರೆ ಪೂರ್ತಿ ಹೇಳಲು ಆಗುತ್ತಿರಲಿಲ್ಲ. ಯಾರೋ ಹಿಂದಿನಿಂದ ಕುರ್ಚಿ ಸರಿಸಿ ಕೂರಿಸಿದರು, ಸೆರಗಿನ ವಾಸನೆಯಿಂದ ಅವಳೇ ಎಂದು ತಿಳಿಯಿತು.

"ನಿಮಗೆಲ್ಲ ಅಲ್ಲಿ ಬರೋರ ಹೆದರಿಕಿ" ಎಂದೆ ಬಳೆಯಾಕೆಗೆ. "ಅಲ್ಲಿ ಬರೋಳು ನಾನೇ ಆಗಿರ್ತೇನಿ. ನನಗ ಹೆದರ್ತಿಯೇನು?"

"ನಿಂಗ ಈಗೂ ಹೆದರ್ತೇನಿ ನಾ" ಎಂದಳು. ಮೂಗು ಒರೆಸಿಕೊಂಡಳು. "ಗೇಟ್ ಮುಂದ ಬಂದು ಗಂಡಸ್ರ ದನಿ ತಗೀತಿ."

ಮಾಸ್ತರರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, ಮತ್ತೆ ತೆಗೆದು, ತಮ್ಮ ಅರ್ಜಿಯ ಆ ದೊಡ್ಡ 'ಕ್ಷ'ದ ಸಾಲನ್ನು ಹೊಡೆದುಹಾಕಿದರು. ಅದರ ಕೆಳಗೆ ಬೇರೆ ಬರೆದರು: ಕಾವಲಿಗೆ ಜನ ಇರಬೇಕು, ಗೇಟಿನ ಮುಂದೆ ದೀಪ ಇರಬೇಕು, ಹೆಣ್ಣುಮಕ್ಕಳಿಗೆ ಬೇರೆ ಕೋಣೆ ಇರಬೇಕು. ಎಲ್ಲರೂ ಒಪ್ಪಲಿಲ್ಲ. ಪ್ಲಾಟಿನ ಚಿಂತೆಯವನು ಎದ್ದು ಹೋದ, ಇವತ್ತಿಗೂ ನನ್ನ ಜೊತೆ ಮಾತಿಲ್ಲ. ಆದರೆ ತಕರಾರಿನ ಅರ್ಜಿ ಒಂದೂ ಉಳಿಯಲಿಲ್ಲ. ಮಳೆಗಾಲ ಮುಗಿಯುವ ಮೊದಲು ಅನುಮತಿ ಬಂತು.

ಆ ದಿನ ಮನೆಗೆ ನಡೆದು ಬರುವಾಗ ಸೊಸೆ ಓಣಿಯ ತಿರುವಿನಲ್ಲಿ ನಿಂತಳು. ಆಮೇಲೆ ಒಂದೇ ಕೇಳಿದಳು: "ಚಹಾಕ್ಕ ಉಪ್ಪು ಹಾಕಿದ್ದು ಯಾವಾಗ ಖರೇ ಮರೆವು, ಯಾವಾಗ ಚೇಷ್ಟಾ?"

"ಅರ್ಧಕ್ಕರ್ಧ" ಎಂದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ನಕ್ಕಳೋ ಅತ್ತಳೋ ನನಗೆ ಕಾಣಲಿಲ್ಲ.

ನಾನು ಹೆದರಿದ್ದೆಲ್ಲ ಆಯಿತು. ಒಬ್ಬಳೇ ಹೊರಗೆ ಹೋಗುವುದು ಬಂದ್. ಗ್ಯಾಸಿನ ಕೀಲಿಯನ್ನು ಸೊಸೆ ತಾನೇ ತಿರುವುತ್ತಾಳೆ. ನಾನು ಚೇಷ್ಟೆ ಮಾಡಿದರೆ ಮೊದಲು ಮನೆಯವರು ನನ್ನ ಕಣ್ಣು ನೋಡುತ್ತಾರೆ, ಆಮೇಲೆ ನಗುತ್ತಾರೆ. ಆ ನಡುವಿನ ಒಂದು ಗಳಿಗೆ ನನಗೆ ಚುಚ್ಚುತ್ತದೆ.

ಗೋದಾಮಿಗೆ ಸುಣ್ಣ ಬಳಿದ ವಾರ, ಸೊಸೆಗೆ ರಜೆ ಇದ್ದ ದಿನ, ಇಬ್ಬರೂ ಚೌಡಾಪುರಕ್ಕೆ ಹೋದೆವು. ಆ ಹೆಂಗಸು ಅದೇ ಮೂಲೆಯಲ್ಲಿ, ಅದೇ ಚಾಪೆಯ ಮೇಲೆ ಇದ್ದಳು. ನನಗೆ ಗುರುತು ಸಿಕ್ಕಿತು, ಅಷ್ಟಕ್ಕೇ ಎದೆ ಹಗುರಾಯಿತು. ಅವಳು ನನ್ನನ್ನು ಕೆಳಗಿಂದ ಮೇಲಿನವರೆಗೆ ನೋಡಿದಳು.

"ಮೊದ್ಲ ಹೇಳು, ಯಾವ ಊರ್ ಬೇ ನಿಂದು?"

ಒಂದು ಕ್ಷಣ ಆ ಮೂರು ಡಬ್ಬಿಗಳೂ ಬಂದು ನಿಂತವು. ಸೊಸೆಯ ಕೈ ನನ್ನ ರಟ್ಟೆಯ ಮೇಲೆ ಬಿಗಿಯಾಯಿತು. ಅವಳು ಹೇಳಿಕೊಡಲಿಲ್ಲ.

"ಅಫಜಲಪುರ" ಎಂದೆ. ಅಂಗಡಿಯವರು ತಿರುಗಿ ನೋಡುವಷ್ಟು ಜೋರಾಗಿತ್ತು.

"ಹಾಂ, ಈಗ ಮಾತಾಡು" ಎಂದು ಚಾಪೆಯ ಮೇಲೆ ಜಾಗ ಮಾಡಿದಳು.

ಗೋದಾಮಿನ ವಿಷಯ ಹೇಳಿದೆ. ಹೆಣ್ಣುಮಕ್ಕಳಿಗೆ ಬೇರೆ ಕೋಣೆ ಇದೆ, ಗೇಟಿಗೆ ದೀಪ ಇದೆ, ಬಾ ಎಂದೆ. ಅವಳು ಪಾತ್ರೆಯ ಅಂಚನ್ನು ಉಗುರಿನಿಂದ ಕೆರೆದಳು. ಅಂಥ ಕಡೆ ಕರೆದೊಯ್ದು ಬಾಗಿಲು ಹಾಕಿಬಿಟ್ಟರೆ ಎಂಬ ಅಂಜಿಕೆ ಅವಳಿಗೆ. ಅಲ್ಲಿಯ ಜನಕ್ಕೆ ಅವಳ ಅಂಜಿಕೆ, ಅವಳಿಗೆ ಅಲ್ಲಿಯ ಜನರ ಅಂಜಿಕೆ.

"ಗುರುತಿನವ್ರು ಯಾರರೆ ಇರ್ತಾರೇನು ಅಲ್ಲಿ? ನೀ ಅಲ್ಲೇ ಇರ್ತಿಯೇನು?" ಎಂದಳು.

ಸೊಸೆ ಏನೋ ಹೇಳಲು ಬಾಯಿ ತೆರೆದಳು. ನಾನು ಅವಳಿಗಿಂತ ಮೊದಲು ಹೇಳಿದೆ.

"ಸದ್ಯಕ್ಕ ಎದುರಿನ ಮನ್ಯಾಗ ಇರ್ತೇನಿ."